ಐಸ್ ಕರಗಿದ ಮೇಲೆ, ಮರಕ್ಕೆ ಗರಗಸ ಹಿಡಿಯುವ ಮುನ್ನ

2023ರ ಫೆಬ್ರವರಿ 1ರ ಬೆಳಗಿನ ಜಾವ ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ಕಣ್ಣುಮುಚ್ಚಿ ಮಲಗಿದವರು ಕಡಿಮೆ. ಕತ್ತಲಲ್ಲಿ ಎಲ್ಲೋ ಗುಂಡು ಹಾರಿದಂಥ ಸದ್ದು, ಅದರ ಹಿಂದೆಯೇ ಗಾಜಿನ ಸಾಮಾನು ಸುರಿದಂಥ ಇನ್ನೊಂದು ಸದ್ದು. ಮೊದಲನೆಯದು ಕೊಂಬೆ ಮುರಿದದ್ದು. ಎರಡನೆಯದು ಅದರ ಮೈಗೆ ಕಚ್ಚಿಕೊಂಡಿದ್ದ ಐಸ್ ನೆಲಕ್ಕೆ ಬಿದ್ದು ಚೂರಾದದ್ದು. ಬೆಳಕು ಹರಿದಾಗ ನಮ್ಮ ಬೀದಿಯಲ್ಲಿ ಗಾಯವಾಗದ ಮರ ಒಂದೂ ಉಳಿದಿರಲಿಲ್ಲ. ಊರಿನ 1.7 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಗಿತ್ತು. ಕೆಲವರಿಗೆ ಅದು ಮರಳಿ ಬರಲು ವಾರವೇ ದಾಟಿತು.

ಮಲೆನಾಡಿನ ಗಾಳಿಮಳೆಯಲ್ಲಿ ಮರ ಬೀಳುವುದನ್ನು ನೋಡುತ್ತ ಬೆಳೆದ ನಮಗೂ ಇದು ಹೊಸದು. ಅಲ್ಲಿ ಮರ ಉರುಳಿಸುವುದು ಗಾಳಿ. ಇಲ್ಲಿ ಹೇಳಿಕೊಳ್ಳುವಂಥ ಗಾಳಿಯೇ ಇರಲಿಲ್ಲ. ಮುಂದಿನ ಎರಡು ವಾರ ಅಂಗಳ ಅಂಗಳದಲ್ಲೂ ಚೈನ್‌ಸಾ ಸದ್ದು, ಫೋನ್ ತೆಗೆದರೆ ಸಲಹೆಗಳ ಸುರಿಮಳೆ. ಅವುಗಳಲ್ಲಿ ಅರ್ಧದಷ್ಟನ್ನು ನಾವೂ ನಂಬಿದೆವು, ನಂಬಿ ಮಾಡಿದೆವು. ಐಸ್ ಉಳಿಸಿಹೋದ ಎರಡು ಮರಗಳನ್ನು ನಮ್ಮ ಅವಸರ ತೆಗೆದುಕೊಂಡಿತು. ಆ ನಂಬಿಕೆಗಳನ್ನು ಒಂದೊಂದಾಗಿ ಇಲ್ಲಿ ಬಿಡಿಸಿಡುತ್ತೇವೆ.

ಚಳಿ ವಿಪರೀತವಾಗಿ ಮರದ ಒಳಗಿನ ನೀರು ಹೆಪ್ಪುಗಟ್ಟಿತು, ಅದಕ್ಕೇ ಕೊಂಬೆಗಳು ಸಿಡಿದವು ಎಂಬುದು ಮೊದಲ ನಂಬಿಕೆ.

ವಾಸ್ತವ: ಚಳಿಯೇ ಕಾರಣವಾಗಿದ್ದರೆ 2021ರ ಫೆಬ್ರವರಿಯಲ್ಲೇ ಊರಿನ ಮರಗಳೆಲ್ಲ ಮುರಿಯಬೇಕಿತ್ತು. ಆಗ ಇಲ್ಲಿ ಉಷ್ಣತೆ ಸುಮಾರು ಮೈನಸ್ 14 ಡಿಗ್ರಿಗೆ ಇಳಿದಿತ್ತು. 2023ರಲ್ಲಿ ಅದು ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗಿತ್ತು, ಅಷ್ಟೇ. ಮರ ಮುರಿದದ್ದು ಮಾತ್ರ ಈ ಸಲವೇ ಹೆಚ್ಚು. ಕಾರಣ ಭಾರ. ಮೇಲೆ ಬೆಚ್ಚನೆಯ ಗಾಳಿಯ ಪದರ, ನೆಲದ ಹತ್ತಿರ ಸೊನ್ನೆಗಿಂತ ಕೆಳಗಿನ ತೆಳು ಪದರ ಇದ್ದಾಗ ಮಳೆ ನೀರಾಗಿಯೇ ಇಳಿದು, ಮುಟ್ಟಿದ ಕೂಡಲೇ ಗಟ್ಟಿಯಾಗುತ್ತದೆ. ಹಿಮವಾದರೆ ಕೊಡವಿದರೆ ಉದುರುತ್ತದೆ. ಇದು ಗಾಜಿನ ಕವಚದ ಹಾಗೆ ಸುತ್ತಲೂ ಕಚ್ಚಿಕೊಳ್ಳುತ್ತದೆ. ಹೀಗೆ ಕೂತ ಐಸ್‌ನಿಂದ ಕೊಂಬೆಯ ತೂಕ 30 ಪಟ್ಟು ಏರಬಹುದು ಎಂದು ಅಮೆರಿಕದ ಹವಾಮಾನ ವಿಜ್ಞಾನಿಗಳು ಹೇಳುತ್ತಾರೆ. ಅರ್ಧ ಇಂಚು ಐಸ್ ಸಾಕು, ವಿದ್ಯುತ್ ತಂತಿಯ ಮೇಲೆ 500 ಪೌಂಡ್, ಅಂದರೆ 225 ಕಿಲೋ ದಾಟಿದ ಹೆಚ್ಚುವರಿ ಭಾರ ಬೀಳುತ್ತದೆ.

ಲೈವ್ ಓಕ್ ಮರಗಳೇ ಹೆಚ್ಚು ನರಳಿದ್ದಕ್ಕೂ ಇಲ್ಲೇ ಉತ್ತರವಿದೆ. ಚಳಿಗಾಲದಲ್ಲೂ ಅವು ಎಲೆ ಉದುರಿಸುವುದಿಲ್ಲ. ಎಲೆ ಎಲೆಯೂ ಐಸ್ ಹೊರುವ ಒಂದೊಂದು ತಟ್ಟೆ. ಎಲೆ ಉದುರಿಸಿ ಬೋಳಾಗಿ ನಿಂತಿದ್ದ ಮರಗಳಿಗೆ ಹೊರೆ ಕಡಿಮೆ.

ಹಾಗಾದರೆ ಐಸನ್ನು ಕೋಲಿನಿಂದ ಬಡಿದು, ಇಲ್ಲವೇ ಬಿಸಿನೀರು ಸುರಿದು ತೆಗೆದುಬಿಟ್ಟರೆ ಮರ ಉಳಿಯುತ್ತದೆ ಎಂದುಕೊಂಡೆವು.

ವಾಸ್ತವ: ಭಾರಕ್ಕೆ ಬಾಗಿದ ಕೊಂಬೆ ಎಳೆದು ಕಟ್ಟಿದ ಬಿಲ್ಲು. ಬಡಿದ ಪೆಟ್ಟಿಗೆ ಅದು ಅಲ್ಲೇ ಲಟಕ್ಕನೆ ಮುರಿಯಬಹುದು. ಒಂದು ಕಡೆಯ ಐಸ್ ಮಾತ್ರ ಬಿದ್ದರೆ ರಪ್ಪನೆ ಮೇಲೆ ಹಾರಿ ಬಡಿದವರ ಮುಖಕ್ಕೇ ಬರಬಹುದು. ಬಿಸಿನೀರು ತೊಗಟೆಯನ್ನು ಸುಡುತ್ತದೆ, ಉಳಿದದ್ದು ಮತ್ತೆ ಐಸಾಗಿ ಕೂರುತ್ತದೆ. ತಾನಾಗಿ ಕರಗುವವರೆಗೆ ಮರದ ಕೆಳಗೆ ಹೋಗದಿರುವುದಷ್ಟೇ ನಾವು ಮಾಡಬೇಕಾದದ್ದು. ಬಾಗಿದ್ದು ಎಷ್ಟೋ ವೇಳೆ ತಾನೇ ನೆಟ್ಟಗಾಗುತ್ತದೆ.

ಅಂಗಳದ ಮರ ತಾನಾಗಿ ಮುರಿದು ಮನೆಯ ಕಡೆ ಬಿದ್ದರೆ ಅಪಶಕುನ, ಅಂಥ ಮರವನ್ನು ಬುಡಸಮೇತ ತೆಗೆಸಬೇಕು ಎಂಬ ಮಾತು ನಮ್ಮವರಲ್ಲಿ ಹಲವರ ಮನೆಯಲ್ಲಿ ಕೇಳಿಬಂತು.

ವಾಸ್ತವ: ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಿಸಿಲಿನ ದಿನ, ಗಾಳಿಯಿಲ್ಲದ ಹೊತ್ತಿನಲ್ಲಿ ದೊಡ್ಡ ಕೊಂಬೆ ಬಿದ್ದರೆ ಒಳಗೆ ಕೊಳೆತಿರಬಹುದು, ಗೆದ್ದಲು ಹಿಡಿದಿರಬಹುದು. ಹಿರಿಯರು ಅದನ್ನು ಕೇಡಿನ ಸೂಚನೆ ಎಂದದ್ದರಲ್ಲಿ ಅನುಭವವಿದೆ. ಆದರೆ ಒಂದೇ ರಾತ್ರಿ ಇಡೀ ಊರಿನ ಮರಗಳು ಮುರಿದಾಗ ಅದು ಯಾರೊಬ್ಬರ ಮನೆಯ ಶಕುನವಲ್ಲ. ನೋಡಬೇಕಾದದ್ದು ಮುರಿದ ಜಾಗವನ್ನು. ಅಲ್ಲಿನ ಕಟ್ಟಿಗೆ ತಿಳಿ ಬಣ್ಣದ್ದಾಗಿ, ನಾರುನಾರಾಗಿ ಸೀಳಿದ್ದರೆ ಮರ ಆರೋಗ್ಯವಾಗಿಯೇ ಇತ್ತು, ಹೊರಲಾರದ ಭಾರಕ್ಕೆ ಸೋತಿತು, ಅಷ್ಟೇ. ಕಪ್ಪಗಾಗಿ, ಮೆತ್ತಗೆ, ಬೆರಳಿಗೆ ಪುಡಿಯಾದರೆ ಕೊಳೆತ ಹಳೆಯದು. ಎರಡು ಕಾಂಡಗಳು ಕಿರಿದಾದ ಕವಲಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ಬೆಳೆದ ಕಡೆ ನಡುವೆ ತೊಗಟೆ ಸಿಕ್ಕಿಕೊಂಡಿರುತ್ತದೆ. ಆ ಬೆಸುಗೆ ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಳಗೆ ಅಂಟಿರುವುದಿಲ್ಲ. ನಮ್ಮ ಬೀದಿಯಲ್ಲಿ ಮಧ್ಯಕ್ಕೆ ಸೀಳಿಹೋದ ಮರಗಳಲ್ಲಿ ಹೆಚ್ಚಿನವು ಅಂಥ ಕವಲಿನವೇ.

ಉಳಿಸಬೇಕೋ ತೆಗೆಯಬೇಕೋ ಎನ್ನುವುದಕ್ಕೆ ಒಂದು ಅಂದಾಜಿನ ಅಳತೆಯುಂಟು. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್, ಒಂಟಾರಿಯೊ ಮತ್ತು ಅಮೆರಿಕದ ಈಶಾನ್ಯ ರಾಜ್ಯಗಳ ಮೇಲೆ ಇಂಥದೇ ಮಳೆ ದಿನಗಟ್ಟಲೆ ಸುರಿದು ಅಲ್ಲಿನ ಮೇಪಲ್ ಕಾಡುಗಳು ಜಜ್ಜಿಹೋದವು. ಆ ಮರಗಳನ್ನು ಗಮನಿಸಿದ ಅರಣ್ಯ ತಜ್ಞರು ಕಂಡುಕೊಂಡದ್ದು ಇದು: ನೆತ್ತಿಯ ಅರ್ಧಕ್ಕಿಂತ ಕಡಿಮೆ ಕಳೆದುಕೊಂಡ ಮರ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ, ಮುಕ್ಕಾಲಿಗಿಂತ ಹೆಚ್ಚು ಹೋದದ್ದು ಉಳಿಯುವುದು ಕಷ್ಟ. ನಡುವಿನವಕ್ಕೆ ಸಮಯ ಕೊಡಬೇಕು. ಮನೆಯ ಮೇಲೋ ದಾರಿಯ ಮೇಲೋ ಬೀಳುವ ಭಯವಿಲ್ಲದಿದ್ದರೆ ಒಂದು ವರ್ಷ ಕಾದರೆ ನಷ್ಟವೇನಿಲ್ಲ. ನಾವು ಕಾಯಲಿಲ್ಲ. ಹಿತ್ತಿಲಿನ ಎಲ್ಮ್ ಮರ ಮೂರನೇ ಒಂದು ಭಾಗ ಮಾತ್ರ ಕಳೆದುಕೊಂಡಿತ್ತು. ವಿಕಾರವಾಗಿ ಕಂಡಿತೆಂದು ಕಡಿಸಿಬಿಟ್ಟೆವು. ಬೊಡ್ಡೆಯ ಮೇಲೆ ಒಂದು ಕರೆಯೂ ಇರಲಿಲ್ಲ, ತೊಗಟೆಯಿಂದ ನಡುವಿನವರೆಗೆ ಗಟ್ಟಿ ಕಟ್ಟಿಗೆ.

ಮುರಿದ ಕೊಂಬೆಯನ್ನು ಕಾಂಡಕ್ಕೆ ಸಮನಾಗಿ, ಕೈ ಸವರಿದರೆ ನುಣ್ಣಗೆ ತಾಗುವಂತೆ ಕೊಯ್ಯಬೇಕು ಎನ್ನುತ್ತಾರೆ.

ವಾಸ್ತವ: ಕೊಂಬೆ ಕಾಂಡಕ್ಕೆ ಸೇರುವಲ್ಲಿ ಸುತ್ತಲೂ ಸ್ವಲ್ಪ ಉಬ್ಬಿರುತ್ತದೆ. ಗಾಯವನ್ನು ಮುಚ್ಚುವ ಹೊಸ ಕಟ್ಟಿಗೆ ಹುಟ್ಟುವುದು ಆ ಉಬ್ಬಿನಲ್ಲಿ. ನುಣ್ಣಗೆ ಕೊಯ್ದರೆ ಅದನ್ನೇ ತೆಗೆದಂತಾಯಿತು, ಗಾಯವೂ ದೊಡ್ಡದಾಯಿತು. ಹಾಗೆಂದು ಮೊಳದುದ್ದ ಮೋಟು ಬಿಟ್ಟರೆ ಅದು ಒಣಗಿ ಕೊಳೆತು, ಕೊಳೆತ ಒಳಗಿಳಿಯುವ ದಾರಿಯಾಗುತ್ತದೆ. ಉಬ್ಬಿನ ಹೊರ ಅಂಚಿಗೆ ಕೊಯ್ಯಬೇಕು, ಅದೂ ಮೂರು ಕೊಯ್ತದಲ್ಲಿ. ಮೊದಲು ಕಾಂಡದಿಂದ ಒಂದು, ಒಂದೂವರೆ ಅಡಿ ದೂರದಲ್ಲಿ ಕೊಂಬೆಯ ಅಡಿಯಿಂದ ಸ್ವಲ್ಪ; ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಪೂರ್ತಿ; ಭಾರ ಇಳಿದ ಮೇಲೆ ಉಳಿದ ಮೋಟನ್ನು ಉಬ್ಬಿನ ಬಳಿ. ಮೊದಲ ಅಡಿಗೊಯ್ತ ಬಿಟ್ಟರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಬಾಳೆಪಟ್ಟೆಯ ಹಾಗೆ ಕೆಳಗಿನವರೆಗೂ ಸುಲಿದುಕೊಂಡು ಹೋಗುತ್ತದೆ.

ಕೊಯ್ದ ಗಾಯಕ್ಕೆ ಡಾಂಬರನ್ನೋ ಬಣ್ಣವನ್ನೋ ಬಳಿದರೆ ಬೇಗ ವಾಸಿಯಾಗುತ್ತದೆ ಎಂಬುದು ಎಲ್ಲಕ್ಕಿಂತ ಆಳಕ್ಕೆ ಇಳಿದ ನಂಬಿಕೆ.

ವಾಸ್ತವ: ಇದಕ್ಕೆ ಎರಡು ಉತ್ತರಗಳಿವೆ, ಎರಡೂ ಬೇಕು.

ತೋಟದಲ್ಲಿ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚುವುದನ್ನು ನೋಡಿದ ನಮಗೆ ಬಳಿಯದೆ ಬಿಡುವುದೇ ತಪ್ಪೆನಿಸುತ್ತಿತ್ತು. ಆದರೆ ಮರ ನಮ್ಮ ಹಾಗೆ ವಾಸಿಯಾಗುವುದಿಲ್ಲ. ನಮ್ಮ ಚರ್ಮ ಹಳೆಯ ಜಾಗದಲ್ಲೇ ಹೊಸದಾಗುತ್ತದೆ. ಮರ ಕೆಟ್ಟ ಭಾಗವನ್ನು ಒಳಗೇ ಗೋಡೆ ಕಟ್ಟಿ ಮುಚ್ಚಿಟ್ಟು, ಅದರ ಹೊರಗೆ ಹೊಸ ಕಟ್ಟಿಗೆ ಬೆಳೆಸುತ್ತದೆ. ಇದನ್ನು ತೋರಿಸಿಕೊಟ್ಟವರು ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ. ಅವರ ಕಾಲಕ್ಕೆ ಒಬ್ಬರೇ ಹಿಡಿಯಬಹುದಾದ ಚೈನ್‌ಸಾ ಬಂದಿತ್ತು. ಮರವನ್ನು ಅಡ್ಡಕ್ಕೆ ಕೊಯ್ದು ನೋಡುವ ಬದಲು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ, ಗಾಯದಿಂದ ಕೊಳೆತ ಎಲ್ಲಿಯವರೆಗೆ ಹೋಗಿದೆ, ಎಲ್ಲಿ ನಿಂತಿದೆ ಎಂದು ಅವರು ನೋಡಿದರು. 1977ರಲ್ಲಿ ಸಹೋದ್ಯೋಗಿಯೊಂದಿಗೆ ಪ್ರಕಟಿಸಿದ ಪುಸ್ತಿಕೆಯಲ್ಲಿ ಮರ ಕಟ್ಟುವ ನಾಲ್ಕು ಬಗೆಯ ಗೋಡೆಗಳನ್ನು ವಿವರಿಸಿದರು. ಬಣ್ಣ ಬಳಿದ ಗಾಯಗಳಲ್ಲೂ ಕೊಳೆತ ನಿಲ್ಲಲಿಲ್ಲ ಎಂಬುದು ಅವರ ಪ್ರಯೋಗಗಳಲ್ಲಿ ಸ್ಪಷ್ಟವಾಯಿತು. ಬಳಿದ ಪದರ ಬಿಸಿಲಿಗೆ ಬಿರುಕು ಬಿಟ್ಟು, ಒಳಗೆ ತೇವ ಹಿಡಿದಿಟ್ಟು, ಕೆಲವೊಮ್ಮೆ ಶಿಲೀಂಧ್ರಕ್ಕೆ ಅನುಕೂಲವನ್ನೇ ಮಾಡಿಕೊಡುತ್ತದೆ. ಹಾಗಾಗಿ ಎಲ್ಮ್, ಮೇಪಲ್, ಪೆಕಾನ್ ಯಾವುದೇ ಇರಲಿ, ಸರಿಯಾಗಿ ಕೊಯ್ದು ಹಾಗೆಯೇ ಬಿಡಬೇಕು.

ಇಷ್ಟನ್ನು ಓದಿದವರು ಹೋಗಿ ಓಕ್ ಮರವನ್ನೂ ಬಳಿಯದೆ ಬಿಟ್ಟರು. ಟೆಕ್ಸಸ್‌ನಲ್ಲಿ ಅದು ದೊಡ್ಡ ತಪ್ಪು. ಇಲ್ಲಿ ಓಕ್ ವಿಲ್ಟ್ ಎಂಬ ಸೊರಗು ರೋಗವಿದೆ. ಶಿಲೀಂಧ್ರವೊಂದು ಮರದ ನೀರಿನ ನಾಳಗಳನ್ನು ಕಟ್ಟಿಹಾಕುತ್ತದೆ. ಕೆಂಪು ಓಕ್ ಜಾತಿಯ ಮರ ಇದರಿಂದ ಸತ್ತಾಗ ಅದರ ತೊಗಟೆಯ ಅಡಿ ಶಿಲೀಂಧ್ರ ಚಾಪೆಯ ಹಾಗೆ ಬೆಳೆದು ಹಣ್ಣು ಹುಳಿತಂಥ ವಾಸನೆ ಬಿಡುತ್ತದೆ. ಆ ವಾಸನೆಗೆ ಬರುವ ಸಣ್ಣ ಜೀರುಂಡೆಗಳು ಮೈತುಂಬ ಬೀಜಕಣ ಹೊತ್ತು, ಸೊನೆ ಒಸರುವ ಹಸಿ ಗಾಯವನ್ನು ಹುಡುಕಿಕೊಂಡು ಹಾರುತ್ತವೆ. ಲೈವ್ ಓಕ್‌ಗಳ ಬೇರು ನೆಲದಡಿ ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಒಂದು ಮರಕ್ಕೆ ಬಂದದ್ದು ಬೀದಿಗೇ ಹಬ್ಬುತ್ತದೆ. ಆದ್ದರಿಂದ ಟೆಕ್ಸಸ್ ಎ ಆ್ಯಂಡ್ ಎಂ ಅರಣ್ಯ ಸೇವೆ ಫೆಬ್ರವರಿಯಿಂದ ಜೂನ್‌ವರೆಗೆ ಓಕ್ ಕೊಯ್ಯಬೇಡಿ ಎನ್ನುತ್ತದೆ, ವರ್ಷದ ಯಾವ ದಿನವೇ ಕೊಯ್ದರೂ ಕೂಡಲೇ ಬಣ್ಣ ಬಳಿಯಿರಿ ಎನ್ನುತ್ತದೆ. ನಮ್ಮ ಮರಗಳು ಮುರಿದದ್ದು ಸರಿಯಾಗಿ ಫೆಬ್ರವರಿ 1ರಂದು, ಕೊಯ್ಯಬೇಡಿ ಎನ್ನುವ ಕಾಲದ ಮೊದಲ ದಿನ!

ಹಾಗಾಗಿ ಓಕ್‌ಗೆ ಬಣ್ಣ ಮದ್ದಲ್ಲ, ಬಾಗಿಲು. ಜೀರುಂಡೆ ಒಳಬರದಂತೆ ಮುಚ್ಚುವುದಷ್ಟೇ ಅದರ ಕೆಲಸ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಲೇಟೆಕ್ಸ್ ಬಣ್ಣ ಸಾಕು. ಕೊಯ್ದು ಊಟ ಮಾಡಿ ಬಂದು ಬಳಿಯುತ್ತೇವೆ ಅನ್ನಬಾರದು; ಒಂದು ಕೈಯಲ್ಲಿ ಗರಗಸ ಇಳಿಸಿ ಇನ್ನೊಂದು ಕೈಯಲ್ಲಿ ಡಬ್ಬಿ ಎತ್ತಬೇಕು. ಬೊಡ್ಡೆಗೂ, ಗಾಯವಾದ ಬೇರಿಗೂ ಬಳಿಯಬೇಕು. ಅಮಾವಾಸ್ಯೆ ನೋಡಿ ಮರ ಕೊಯ್ದರೆ ಹುಳು ಹಿಡಿಯದು ಎಂದು ಊರಿನಿಂದ ಫೋನಿನಲ್ಲಿ ಹೇಳಿದವರಿಗೂ ನಮ್ಮ ಉತ್ತರ ಇದೇ: ಈ ಜೀರುಂಡೆ ತಿಥಿ ನೋಡುವುದಿಲ್ಲ, ಹಸಿ ಸೊನೆಯ ವಾಸನೆ ನೋಡುತ್ತದೆ. ಹಾಗೆಯೇ ರೋಗದಿಂದ ಸತ್ತ ಕೆಂಪು ಓಕ್‌ನ ಹಸಿ ಸೌದೆಯನ್ನು ಬೇರೆ ಓಕ್ ಮರದ ಬುಡದಲ್ಲಿ ಒಟ್ಟಬಾರದು.

ಮುಂದೆ ಮತ್ತೆ ಮುರಿಯದಿರಲೆಂದು ನೆತ್ತಿ ಪೂರ್ತಿ ಬೋಳಿಸಿದರೆ ಮರ ಗಟ್ಟಿಯಾಗುತ್ತದೆ ಎಂದು ಬಾಗಿಲು ಬಾಗಿಲಿಗೆ ಬಂದ ಕೆಲಸದವರು ಹೇಳಿದರು.

ವಾಸ್ತವ: ಬೋಳಿಸಿದ ತುದಿಗಳಿಂದ ಚಿಗುರು ಗೊಂಚಲಾಗಿ ಒಡೆಯುತ್ತದೆ ನಿಜ. ಅದು ಬಲವಲ್ಲ, ಹಸಿವು. ಆ ಚಿಗುರು ಕಾಂಡದ ಒಳಗಿನಿಂದ ಬಂದದ್ದಲ್ಲ, ಹೊರ ಪದರಕ್ಕೆ ಅಂಟಿಕೊಂಡದ್ದು. ಐದಾರು ವರ್ಷಕ್ಕೆ ದಪ್ಪವಾದಾಗ ಮುಂದಿನ ಐಸ್‌ಗೆ ಮೊದಲು ಕಿತ್ತುಬರುವುದೂ ಅದೇ. ಒಂದು ವರ್ಷದಲ್ಲಿ ಹಸಿರು ನೆತ್ತಿಯ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಐಸ್ ಈಗಾಗಲೇ ಅಷ್ಟನ್ನು ತೆಗೆದಿದ್ದರೆ ನಮ್ಮ ಪಾಲು ಮುಗಿಯಿತು.

ಬಿದ್ದ ಮರ ನೆಲದ ಮೇಲಿದೆಯಲ್ಲ, ಇನ್ನೇನು ಅಪಾಯ ಎಂಬ ಧೈರ್ಯ.

ವಾಸ್ತವ: ನಿಂತ ಮರಕ್ಕಿಂತ ಬಿದ್ದ ಮರದಲ್ಲಿ ಸೆಳೆತ ಹೆಚ್ಚು ಅಡಗಿರುತ್ತದೆ. ಎರಡು ತುದಿ ಆತು ನಡು ತೂಗುವ ದಿಮ್ಮಿಯ ಮೇಲ್ಭಾಗ ಒತ್ತಿಕೊಂಡಿರುತ್ತದೆ, ಕೆಳಭಾಗ ಹಿಗ್ಗಿರುತ್ತದೆ. ಮೇಲಿನಿಂದಲೇ ಪೂರ್ತಿ ಕೊಯ್ಯಹೊರಟರೆ ಅದು ಗರಗಸದ ಬಾರನ್ನು, ಅಂದರೆ ಚೈನ್ ಸುತ್ತುವ ಪಟ್ಟಿಯನ್ನು, ಇಕ್ಕಳದಂತೆ ಕಚ್ಚಿಬಿಡುತ್ತದೆ. ಒತ್ತಿಕೊಂಡ ಕಡೆ ಮೂರನೇ ಒಂದು ಭಾಗ ಕೊಯ್ದು, ಉಳಿದದ್ದನ್ನು ಹಿಗ್ಗಿದ ಕಡೆಯಿಂದ ಕೊಯ್ಯಬೇಕು. ದೊಡ್ಡ ಮರದಡಿ ಸಿಕ್ಕಿ ಕಮಾನಾಗಿ ಬಾಗಿದ ಎಳೆಮರಕ್ಕೆ ಮಾತ್ರ ನಾವು ಕೈ ಹಾಕಬಾರದು. ಬಿಟ್ಟ ಕ್ಷಣ ಅದು ದವಡೆ ಮುರಿಯುವ ರಭಸದಲ್ಲಿ ಏಳುತ್ತದೆ. ಮೇಲೆ ಮುರಿದು ಸಿಕ್ಕಿಕೊಂಡ ಕೊಂಬೆಯೂ ತಿಳಿದವರ ಕೆಲಸವೇ. ಏಣಿ ಹತ್ತಿ ಚೈನ್‌ಸಾ ಹಿಡಿಯುವುದಂತೂ ಬೇಡವೇ ಬೇಡ.

ತಂತಿ ತಾಗಿರುವ ಕೊಂಬೆಯ ಮಾತೇ ಬೇರೆ. ಊರಿಗೆ ಕರೆಂಟ್ ಇಲ್ಲ, ತಂತಿ ಸತ್ತಿದೆ ಎಂದುಕೊಳ್ಳುತ್ತೇವೆ. ಕರೆಂಟ್ ಯಾವ ಕ್ಷಣದಲ್ಲೂ ಮರಳಿ ಬರಬಹುದು. ಪಕ್ಕದ ಮನೆಯ ಜನರೇಟರನ್ನು ತಪ್ಪಾಗಿ ಜೋಡಿಸಿದ್ದರೆ ಅಲ್ಲಿಂದಲೂ ತಂತಿಗೆ ಹರಿಯಬಹುದು. ಒದ್ದೆ ಕಟ್ಟಿಗೆ ವಿದ್ಯುತ್ತನ್ನು ಹರಿಯಬಿಡುತ್ತದೆ. ತಂತಿಯಿಂದ 10 ಅಡಿಯೊಳಗೆ ನಮ್ಮ ಗರಗಸಕ್ಕೆ ಕೆಲಸವಿಲ್ಲ. ವಿದ್ಯುತ್ ಕಂಪನಿಗೆ ಹೇಳಿ ಕಾಯಬೇಕು.

ಹೊಸಬರ ಕೈಗೆ ಹರಿತವಾದ ಚೈನ್ ಅಪಾಯ, ಸ್ವಲ್ಪ ಮೊಂಡಾಗಿದ್ದರೆ ಕ್ಷೇಮ ಎಂದು ನಾವು ಬಹಳ ದಿನ ನಂಬಿದ್ದೆವು.

ವಾಸ್ತವ: ನೇರ ತಿರುವುಮುರುವು. ಹರಿತವಾದ ಚೈನ್ ತಾನೇ ಮರದೊಳಕ್ಕೆ ಎಳೆದುಕೊಳ್ಳುತ್ತದೆ, ನಾವು ಹಿಡಿದುಕೊಂಡರೆ ಸಾಕು. ಮೊಂಡಾದದ್ದನ್ನು ಒತ್ತಬೇಕು. ಒತ್ತಿದಷ್ಟೂ ತೋಳು ಸೋಲುತ್ತದೆ, ಹಿಡಿತ ಜಾರುತ್ತದೆ, ಕೊಯ್ತ ಮುಗಿದಾಗ ಗರಗಸ ಒಮ್ಮೆಲೇ ಕಾಲಿನ ಕಡೆ ನುಗ್ಗುತ್ತದೆ. ಚೈನ್ ಮೊಂಡಾಯಿತೆಂದು ತಿಳಿಯಲು ಹಲ್ಲು ಮುಟ್ಟಿ ನೋಡಬೇಕಿಲ್ಲ, ಬೀಳುವುದನ್ನು ನೋಡಿದರೆ ಸಾಕು. ಚಕ್ಕೆ ಚಕ್ಕೆಯಾಗಿ ಬಿದ್ದರೆ ಹರಿತ, ರಾಗಿಹಿಟ್ಟಿನ ಹಾಗೆ ಹುಡಿಯಾದರೆ ಮೊಂಡು. ಕೊಯ್ತ ಒಂದು ಕಡೆಗೆ ಓರೆಯಾಗಿ ಹೋದರೆ ಒಂದು ಬದಿಯ ಹಲ್ಲುಗಳು ಮಾತ್ರ ಸವೆದಿವೆ. ಹೆಪ್ಪುಗಟ್ಟಿದ ಕಟ್ಟಿಗೆ ಗಡುಸು, ನೆಲಕ್ಕೆ ಬಿದ್ದ ದಿಮ್ಮಿಯ ತೊಗಟೆಯಲ್ಲಿ ಮಣ್ಣು. ಎರಡೂ ಸೇರಿ ದಿನದ ಹರಿತವನ್ನು ಗಂಟೆಯಲ್ಲಿ ತಿನ್ನುತ್ತವೆ.

ಅರ ಹಾಕುವುದನ್ನು ನಮಗೆ ಕಲಿಸಿದವರು ಪಕ್ಕದ ಮನೆಯ ಅಜ್ಜ. ಬಾರನ್ನು ಹಿಡಿಕಟ್ಟಿನಲ್ಲಿ ಬಿಗಿದು, ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಶುರುಮಾಡುತ್ತಾರೆ, ಸುತ್ತು ಮುಗಿದದ್ದು ತಿಳಿಯಲಿ ಅಂತ. ದುಂಡು ಅರವನ್ನು ಹಲ್ಲಿನ ಒಳಬದಿಯಿಂದ ಹೊರಕ್ಕೆ, ಸುಮಾರು 30 ಡಿಗ್ರಿ ಓರೆಯಲ್ಲಿ, ಮುಂದಕ್ಕೆ ಮಾತ್ರ ತಳ್ಳುತ್ತಾರೆ. ಹಿಂದಕ್ಕೆ ತರುವಾಗ ಎತ್ತುತ್ತಾರೆ. ಹಲ್ಲಿಗೆ ಮೂರೋ ನಾಲ್ಕೋ ಏಟು, ಎಲ್ಲಕ್ಕೂ ಅಷ್ಟೇ ಲೆಕ್ಕ. ಒಂದು ಬದಿ ಮುಗಿಸಿ ಗರಗಸ ತಿರುಗಿಸಿ ಇನ್ನೊಂದು ಬದಿ. ಅರದ ದಪ್ಪ ಚೈನಿಗೆ ತಕ್ಕಂತೆ ಇರಬೇಕು: ಮನೆಬಳಕೆಯ ಸಣ್ಣ ಗರಗಸಗಳ ಚೈನಿಗೆ ಸಾಮಾನ್ಯವಾಗಿ 4 ಮಿಲಿಮೀಟರ್, ದೊಡ್ಡದಕ್ಕೆ 4.8 ಅಥವಾ 5.5. ಪ್ರತಿ ಹಲ್ಲಿನ ಮುಂದೆ ಒಂದು ಗಿಡ್ಡ ಮೊಳಕೆಯಿರುತ್ತದೆ, ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂದು ತೀರ್ಮಾನಿಸುವುದು ಅದು. ವೇಗ ಹೆಚ್ಚಲೆಂದು ಅದನ್ನು ಕಂಡಾಪಟ್ಟೆ ತಗ್ಗಿಸಿದರೆ ಹಲ್ಲು ಅತಿಯಾಗಿ ಕಚ್ಚಿ, ಬಾರಿನ ಮೂತಿ ಮುಖದ ಕಡೆಗೆ ಚಿಮ್ಮುತ್ತದೆ. ಹಲ್ಲಿನ ತುದಿಗಿಂತ ಅದು ಅರ್ಧ ಮಿಲಿಮೀಟರಿನ ಮೇಲೆ ತುಸು ತಗ್ಗಿದ್ದರೆ ಸಾಕು.

ಕಳೆದ ವರ್ಷ ಚೆನ್ನಾಗಿ ಓಡಿದ ಗರಗಸ ಹಗ್ಗ ಎಳೆದರೆ ಓಡಲೇಬೇಕು ಎಂಬ ನಿರೀಕ್ಷೆ.

ವಾಸ್ತವ: ಗರಗಸ ಕೆಟ್ಟಿರುವುದಿಲ್ಲ, ಪೆಟ್ರೋಲ್ ಕೆಟ್ಟಿರುತ್ತದೆ. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇಕಡಾ 10 ಎಥೆನಾಲ್; ಭಾರತದಲ್ಲೂ ಈಗ ಶೇಕಡಾ 20. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಸಾಕಷ್ಟು ಹೀರಿದ ಮೇಲೆ ನೀರಿನೊಂದಿಗೆ ತಳಕ್ಕೆ ಬೇರೆಯಾಗಿ ಕೂರುತ್ತದೆ. ಉಳಿದದ್ದು ಅಂಟಾಗಿ ಕಾರ್ಬ್ಯುರೇಟರಿನ ಸೂಜಿಮೊನೆಯಂಥ ತೂತುಗಳನ್ನು ಮುಚ್ಚುತ್ತದೆ. ತಿಂಗಳೊಳಗೆ ಮುಗಿಯುವಷ್ಟೇ ಪೆಟ್ರೋಲಿಗೆ ಆಯಿಲ್ ಕಲಸಿಕೊಳ್ಳಬೇಕು. ತಿಂಗಳುಗಟ್ಟಲೆ ಎತ್ತಿಡುವುದಾದರೆ ಟ್ಯಾಂಕ್ ಬರಿದು ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕು.

ಕಲಸುವ ಆಯಿಲ್ ಸ್ವಲ್ಪ ಹೆಚ್ಚಾದರೆ ಎಂಜಿನ್‌ಗೆ ಒಳ್ಳೆಯದು ಎಂಬುದೂ ಸರಿಯಲ್ಲ. ಈಗಿನ ಬಹುಪಾಲು ಗರಗಸಗಳಿಗೆ 50ಕ್ಕೆ 1, ಅಂದರೆ ಲೀಟರಿಗೆ 20 ಮಿಲಿಲೀಟರ್. ಹೆಚ್ಚಾದರೆ ಪ್ಲಗ್‌ಗೆ ಮಸಿ ಹಿಡಿಯುತ್ತದೆ. ಹಾಕದೇ ಹೋದರೆ ಪಿಸ್ಟನ್ ನಿಮಿಷಗಳಲ್ಲಿ ಕಚ್ಚಿಕೊಳ್ಳುತ್ತದೆ. ಚೈನಿಗೆ ಹಾಕುವ ಆಯಿಲ್ ಬೇರೆಯೇ. ಅಲ್ಲಿಗೆ ಕಾರಿನಿಂದ ಇಳಿಸಿದ ಕರಿ ಆಯಿಲ್ ಸಾಕು ಎಂದು ಮಿತವ್ಯಯದ ಮನಸ್ಸು ಹೇಳುತ್ತದೆ. ಅದರಲ್ಲಿ ಲೋಹದ ಪುಡಿಯಿದೆ, ಕ್ಯಾನ್ಸರ್ ತರುವ ರಾಸಾಯನಿಕಗಳಿವೆ, ಚೈನಿಗೆ ಅಂಟುವ ಗುಣವಿಲ್ಲ. ತಿರುಗುವ ಚೈನ್ ಅದನ್ನು ನಮ್ಮ ಮುಖಕ್ಕೇ ಎರಚುತ್ತದೆ. ಚಳಿಯಲ್ಲಿ ಚೈನ್ ಆಯಿಲ್ ಜೇನಿನಂತೆ ದಪ್ಪವಾಗಿ ಬಾರಿಗೆ ಇಳಿಯುವುದೇ ಇಲ್ಲ, ಚಳಿಗಾಲಕ್ಕೆಂದೇ ತೆಳುವಾದದ್ದು ಸಿಗುತ್ತದೆ. ಇಳಿಯುತ್ತಿದೆಯೇ ಎಂದು ನೋಡಲು ಬಾರಿನ ಮೂತಿಯನ್ನು ಒಂದು ಬಿಳಿ ರಟ್ಟಿನ ಮುಂದೆ ಹಿಡಿದು ಎಂಜಿನ್ ಏರಿಸಿ. ರಟ್ಟಿನ ಮೇಲೆ ಎಣ್ಣೆಯ ತೆಳುಗೆರೆ ಮೂಡಬೇಕು.

ಕೆಲಸದ ನಡುವೆ ಚೈನ್ ಕಾದು ಹಿಗ್ಗಿ ಜೋತುಬೀಳುತ್ತದೆ, ಬಿಗಿ ಮಾಡುತ್ತೇವೆ. ಸಂಜೆ ಹಾಗೆಯೇ ಎತ್ತಿಟ್ಟರೆ ರಾತ್ರಿಯ ಚಳಿಗೆ ಅದು ಕುಗ್ಗಿ ಬಾರನ್ನೂ ಎಂಜಿನ್ನಿನ ಬೇರಿಂಗನ್ನೂ ಎಳೆದು ಹಾಳುಮಾಡುತ್ತದೆ. ಮುಗಿಸುವಾಗ ಸಡಿಲಿಸಿ ಇಡಬೇಕು.

ಬ್ಯಾಟರಿ ಗರಗಸಕ್ಕೆ ಆರೈಕೆಯೇ ಬೇಡ ಎನ್ನುವವರಿದ್ದಾರೆ.

ವಾಸ್ತವ: ಪೆಟ್ರೋಲ್ ಬೇಡ, ಅಷ್ಟೇ. ಚೈನ್ ಆಯಿಲ್, ಅರ, ಬಿಗಿ ಎಲ್ಲವೂ ಬೇಕು. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜಿಗಿಡಬಾರದು. ಚಳಿಯ ಗ್ಯಾರೇಜಿನಿಂದ ತಂದು ಮನೆಯೊಳಗೆ ಬೆಚ್ಚಗಾದ ಮೇಲೆ ಹಾಕಬೇಕು.

ಕಾಲಿಗೆ ಕಟ್ಟುವ ರಕ್ಷಾಕವಚ ಗರಗಸವನ್ನು ತಡೆಯುವ ಗಟ್ಟಿ ಬಟ್ಟೆ, ದಪ್ಪ ಜೀನ್ಸ್ ಇದ್ದರೂ ಆಯಿತು ಎಂದು ನಾವೂ ಅಂದುಕೊಂಡಿದ್ದೆವು.

ವಾಸ್ತವ: ಕವಚ ಗಟ್ಟಿಯಾಗಿರುವುದರಿಂದ ಕಾಯುವುದಿಲ್ಲ. ಚೈನ್ ತಾಗಿದ ಕೂಡಲೇ ಹರಿದು, ಒಳಗಿನ ಉದ್ದನೆಯ ನಾರುಗಳು ಹೊರಬಂದು ಎಂಜಿನ್ನಿನ ಹಲ್ಲುಗಾಲಿಗೆ ಸುತ್ತಿಕೊಂಡು ಚೈನನ್ನು ನಿಲ್ಲಿಸುತ್ತವೆ. ಜೀನ್ಸಿನಲ್ಲಿ ಅಂಥ ನಾರಿಲ್ಲ. ಒಮ್ಮೆ ಕೊಯ್ದುಹೋದ ಕವಚವನ್ನು ಹೊಲಿದು ಮತ್ತೆ ಕಟ್ಟುವಂತೆಯೂ ಇಲ್ಲ. ಬ್ಯಾಟರಿ ಗರಗಸವನ್ನು ಅದು ಅಷ್ಟೇ ಬೇಗ ನಿಲ್ಲಿಸುತ್ತದೆ ಎಂದು ನಂಬಿ ಕೂರುವುದೂ ಬೇಡ, ಆ ಮೋಟಾರಿನ ಸೆಳೆತದ ರೀತಿ ಬೇರೆ.

ಕೊನೆಯದು ಮಾರ್ಚ್ ತಿಂಗಳಿನದು. ಉಳಿಸಿಕೊಂಡ ಲೈವ್ ಓಕ್ ಎಲೆಯನ್ನೆಲ್ಲ ಉದುರಿಸಿ ಬೋಳಾಯಿತು, ಐಸ್ ಪೆಟ್ಟಿಗೆ ಸತ್ತಿತು ಎಂದುಕೊಂಡೆವು.

ವಾಸ್ತವ: ಲೈವ್ ಓಕ್ ಚಳಿಗಾಲವಿಡೀ ಹಿಡಿದಿಟ್ಟ ಹಳೆಯ ಎಲೆಗಳನ್ನು ಪ್ರತಿ ವಸಂತದಲ್ಲೂ ಉದುರಿಸಿ ಹೊಸದನ್ನು ಹೊರಡಿಸುತ್ತದೆ. ಆ ಕೆಲವು ವಾರ ಆರೋಗ್ಯವಂತ ಮರವೂ ಹಾಗೆಯೇ ಕಾಣುತ್ತದೆ. ಅನುಮಾನವಿದ್ದರೆ ಕಿರುಬೆರಳ ದಪ್ಪದ ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಅಡಿಯಲ್ಲಿ ಹಸಿರು ತೇವವಿದ್ದರೆ ಜೀವವಿದೆ. ಬಿದ್ದ ಎಲೆಗಳನ್ನೂ ಹೆಕ್ಕಿ ನೋಡಿ. ಸಮನಾಗಿ ಹಳದಿಯೋ ಕಂದೋ ಆಗಿದ್ದರೆ ವಯಸ್ಸಾಗಿ ಬಿದ್ದದ್ದು. ನರಗಳು ಮಾತ್ರ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿ ನಡುವಿನ ಭಾಗ ಇನ್ನೂ ಹಸಿರಾಗಿದ್ದರೆ ಅದು ಓಕ್ ವಿಲ್ಟ್‌ನ ಗುರುತು. ಆ ಎಲೆಗಳನ್ನು ಚೀಲಕ್ಕೆ ಹಾಕಿಟ್ಟು ಅರಣ್ಯ ಸೇವೆಯವರಿಗೆ ಅದೇ ದಿನ ಫೋನ್ ಮಾಡಿ, ಪಕ್ಕದ ಮನೆಯವರಿಗೂ ತಿಳಿಸಿ. ಅವರ ಮರದ ಬೇರು ನಿಮ್ಮದಕ್ಕೆ ಬೆಸೆದುಕೊಂಡಿರಬಹುದು.